ವಾಚಕರ ಪ್ರಶ್ನೆ, ವೈದ್ಯರ ಉತ್ತರ: ಶ್ವಾಸಕೋಶಕ್ಕೆ ಪೆಟ್ಟಾದಾಗ ಒಳಪದರದ ಕಾವಲು

ಪ್ರಶ್ನೆ: ನಮ್ಮ ತಂದೆಯವರು ಅಡಿಕೆ ಕೃಷಿಕರು. ಬಹಳ ವರ್ಷ ಬೀಡಿ ಸೇದಿದವರು. ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಮಂಗಳೂರಿನಲ್ಲಿ ಆಸ್ಪತ್ರೆಗೆ ದಾಖಲಾದಾಗ ಎಂಫಿಸೀಮಾ (ಶ್ವಾಸಕೋಶದ ಗಾಳಿಗೂಡುಗಳ ಗೋಡೆ ಹಾಳಾಗುವ ಕಾಯಿಲೆ) ಇದೆಯೆಂದು ತಿಳಿಯಿತು. ಆಗಲೇ ಮಾಡಿಸಿದ ಆಲ್ಫಾ-1 ಆಂಟಿಟ್ರಿಪ್ಸಿನ್ ರಕ್ತಪರೀಕ್ಷೆಯಲ್ಲಿ ಅದರ ಪ್ರಮಾಣ ಮಿತಿಗಿಂತ ತುಸು ಹೆಚ್ಚೇ ಇತ್ತು. ಅದು ಶ್ವಾಸಕೋಶವನ್ನು ಕಾಯುವ ಪ್ರೋಟೀನ್ ಎನ್ನುತ್ತಾರೆ. ಹೆಚ್ಚಿದ್ದರೂ ಶ್ವಾಸಕೋಶ ಹಾಳಾದದ್ದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ವರದಿಯಲ್ಲಿರುವ ಅಂಕಿ ರಕ್ತದಲ್ಲಿ ಆ ಪ್ರೋಟೀನ್ ಎಷ್ಟಿದೆ ಎಂಬುದನ್ನು ಮಾತ್ರ ಹೇಳುತ್ತದೆ, ಶ್ವಾಸನಾಳದ ಒಳಮೈಯಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಸೋಂಕು ತಗಲಿದಾಗ ಶ್ವಾಸಕೋಶಕ್ಕೆ ಧಾವಿಸುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇಲಾಸ್ಟೇಸ್ ಎಂಬ ಕಿಣ್ವವನ್ನು ಹೊತ್ತು ತರುತ್ತವೆ. ಪ್ರೋಟೀನನ್ನು ಕತ್ತರಿಸುವ ಇಂತಹ ಕಿಣ್ವಗಳಿಗೆ ಪ್ರೋಟಿಯೇಸ್ ಎಂದು ಹೆಸರು. ರೋಗಾಣುವನ್ನು ಜೀರ್ಣಿಸಲು ಅದು ಬೇಕು. ಆದರೆ ಉಸಿರು ಬಿಟ್ಟಾಗ ಗಾಳಿಗೂಡುಗಳು ಮತ್ತೆ ಕುಗ್ಗುವಂತೆ ಮಾಡುವ ಇಲಾಸ್ಟಿನ್ ಎಳೆಗಳನ್ನೂ ಅದು ಬಿಡದೆ ಕತ್ತರಿಸುತ್ತದೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಅವರು ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಇಲ್ಲದ ಐವರನ್ನು ಗುರುತಿಸಿದರು. ಅವರಲ್ಲಿ ಮೂವರಿಗೆ ಎಂಫಿಸೀಮಾ ಇತ್ತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇನ್ನೊಂದು ಕಡೆ ಪಪಾಯಿನ್ ಎಂಬ ಕಿಣ್ವವನ್ನು ಇಲಿಗಳ ಶ್ವಾಸನಾಳಕ್ಕೆ ಬಿಟ್ಟು ಎಂಫಿಸೀಮಾ ಬರಿಸಿದರು. ನಮ್ಮ ಹಿತ್ತಿಲ ಬಪ್ಪಂಗಾಯಿಯ ಸೊನೆಯಲ್ಲಿರುವುದು ಅದೇ ಪಪಾಯಿನ್. (ತಿನ್ನುವವರು ಹೆದರಬೇಕಾಗಿಲ್ಲ; ಹೊಟ್ಟೆಯ ದಾರಿ ಬೇರೆ, ಉಸಿರಿನ ದಾರಿ ಬೇರೆ.) ಕತ್ತರಿಸುವ ಕಿಣ್ವ ಮತ್ತು ಅದನ್ನು ತಡೆಯುವ ಪ್ರತಿಬಂಧಕ, ಇವೆರಡರ ಸಮತೋಲ ತಪ್ಪಿದಾಗ ಶ್ವಾಸಕೋಶ ಸವೆಯುತ್ತದೆ ಎಂಬ ತಿಳಿವಳಿಕೆ ಬಂದದ್ದು ಇಲ್ಲಿಂದ.

ಆಲ್ಫಾ-1 ಆಂಟಿಟ್ರಿಪ್ಸಿನ್ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗಿ, ರಕ್ತದ ಮೂಲಕ ಬಂದು, ಕೆಳಗಿನ ಗಾಳಿಗೂಡುಗಳಿಗೆ ಇಳಿಯುತ್ತದೆ. ಇದು ಕೆಲಸ ಮಾಡುವುದು ಇಲಿಬೋನಿನಂತೆ: ತನ್ನ ಒಂದು ಕುಣಿಕೆಯನ್ನು ಇಲಾಸ್ಟೇಸ್‌ಗೆ ಒಡ್ಡುತ್ತದೆ, ಅದು ಕಚ್ಚಿದೊಡನೆ ಕುಣಿಕೆ ಮಡಚಿಕೊಂಡು ಕಿಣ್ವವನ್ನು ಅಣುವಿನ ಇನ್ನೊಂದು ತುದಿಗೆ ಎಸೆದು ಅದರ ಆಕಾರವನ್ನೇ ಕೆಡಿಸುತ್ತದೆ. ಒಂದು ಅಣುವಿಗೆ ಒಂದೇ ಬೇಟೆ. ಮೇಲಿನ, ಅಗಲವಾದ ಶ್ವಾಸನಾಳಗಳಲ್ಲಿ ಮಾತ್ರ ಮುಖ್ಯ ಕಾವಲು ಅಲ್ಲಿನ ಕೋಶಗಳದ್ದೇ. ಒಳಪದರದ ಕ್ಲಬ್ ಕೋಶ, ಗಾಬ್ಲೆಟ್ ಕೋಶಗಳು ಮತ್ತು ಅದರ ಕೆಳಗಿರುವ ಲೋಳೆ ಗ್ರಂಥಿಗಳು ಎಸ್‌ಎಲ್‌ಪಿಐ ಎಂಬ ಪ್ರತಿಬಂಧಕವನ್ನು ಸದಾ ಸ್ರವಿಸುತ್ತಿರುತ್ತವೆ. ಒಳಪದರದ ಕೋಶಗಳು ಇಲಾಫಿನ್ ಎಂಬ ಇನ್ನೊಂದನ್ನೂ ತಯಾರಿಸುತ್ತವೆ. ಆಲ್ಫಾ-1 ಆಂಟಿಟ್ರಿಪ್ಸಿನ್ನಿನ ಅಣುತೂಕ ಸುಮಾರು 52,000 ಡಾಲ್ಟನ್, ಎಸ್‌ಎಲ್‌ಪಿಐಯದ್ದು ಸುಮಾರು 12,000, ಇಲಾಫಿನ್ನಿನದ್ದು 6,000. ನ್ಯೂಟ್ರೋಫಿಲ್ ಅಂಗಾಂಶಕ್ಕೆ ಮೈಯೊತ್ತಿ ಕುಳಿತ ಇಕ್ಕಟ್ಟಿನೊಳಗೆ ದೊಡ್ಡ ಅಣು ನುಗ್ಗಲಾರದು, ಈ ಚಿಕ್ಕವು ನುಗ್ಗುತ್ತವೆ. ಇಲಾಸ್ಟಿನ್ ಎಳೆಗೆ ಆಗಲೇ ಅಂಟಿಕೊಂಡ ಇಲಾಸ್ಟೇಸನ್ನೂ ಎಸ್‌ಎಲ್‌ಪಿಐ ತಡೆಯಬಲ್ಲದು.

ಪೆಟ್ಟು ಬಿದ್ದಾಗ ಈ ಕೋಶಗಳು ಸುಮ್ಮನಿರುವುದಿಲ್ಲ. ಗಾಯಗೊಂಡ ಜಾಗದಲ್ಲಿ ಬಿಡುಗಡೆಯಾಗುವ ಇಂಟರ್‌ಲ್ಯೂಕಿನ್-1 ಮತ್ತು ಟಿಎನ್‌ಎಫ್ ಎಂಬ ಸಂಕೇತಗಳು ತಲುಪಿದೊಡನೆ, ಮಾಮೂಲಿನಲ್ಲಿ ಅತ್ಯಲ್ಪವಾಗಿರುವ ಇಲಾಫಿನ್ ಒಮ್ಮೆಲೇ ಏರುತ್ತದೆ. ಸದಾ ಇರುವ ಎಸ್‌ಎಲ್‌ಪಿಐ ಅದಕ್ಕಿಂತ ನಿಧಾನವಾಗಿ ಹೆಚ್ಚುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಶ್ವಾಸನಾಳದ ಕೋಶಗಳಿಗೆ ಇಲಾಸ್ಟೇಸನ್ನೇ ಸೋಕಿಸಿದಾಗ, ಎಸ್‌ಎಲ್‌ಪಿಐ ತಯಾರಿಸುವ ಆಜ್ಞೆಯಾದ ಎಂಆರ್‌ಎನ್‌ಎ ಅವುಗಳಲ್ಲಿ ಹೆಚ್ಚಿತು. ನನಗೆ ಈ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸುವುದು ಇದೇ: ಶತ್ರುವಿನ ಸ್ಪರ್ಶವೇ ಕೋಶಕ್ಕೆ ಎಚ್ಚರಿಕೆ. ಎಸ್‌ಎಲ್‌ಪಿಐ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಅದರ ಜೀನ್ ಇಲ್ಲದಂತೆ ಮಾಡಿದ ಇಲಿಗಳ ಚರ್ಮದ ಗಾಯ ಮಾಯಲು ತಡವಾಯಿತು.

ಹಾಗಿದ್ದರೆ ಸೋಲು ಎಲ್ಲಿ? ತಯಾರಿಕೆಯಲ್ಲಿ ಅಲ್ಲ, ತಯಾರಾದದ್ದು ಉಳಿಯುವುದರಲ್ಲಿ. ಆಲ್ಫಾ-1 ಆಂಟಿಟ್ರಿಪ್ಸಿನ್ನಿನ ಆ ಕುಣಿಕೆಯಲ್ಲಿ, 358ನೆಯ ಸ್ಥಾನದಲ್ಲಿ, ಮೆಥಿಯೊನಿನ್ ಎಂಬ ಅಮೈನೊ ಆಮ್ಲವಿದೆ. ತಂಬಾಕಿನ ಹೊಗೆಯ ಆಕ್ಸಿಡೆಂಟುಗಳು ಅದನ್ನು ಆಕ್ಸಿಡೀಕರಿಸಿದರೆ ಅಣು ಇದ್ದೂ ಇಲ್ಲದಂತಾಗುತ್ತದೆ, ಇಲಾಸ್ಟೇಸನ್ನು ಹಿಡಿಯುವ ವೇಗ ತೀರಾ ಕುಂದುತ್ತದೆ. ಎಸ್‌ಎಲ್‌ಪಿಐಗೂ 73ನೆಯ ಸ್ಥಾನದಲ್ಲಿ ಇದೇ ದೌರ್ಬಲ್ಯವಿದೆ. ಇದರ ಮೇಲೆ ಸೋಂಕು ಬಂದು ನ್ಯೂಟ್ರೋಫಿಲ್‌ಗಳು ಕಿಕ್ಕಿರಿದಾಗ, ಮಿಕ್ಕಿ ಉಳಿದ ಇಲಾಸ್ಟೇಸ್ ಮತ್ತು ಕ್ಯಾಥೆಪ್ಸಿನ್ ಎಂಬ ಇತರ ಕಿಣ್ವಗಳು ಎಸ್‌ಎಲ್‌ಪಿಐಯನ್ನೇ ತುಂಡರಿಸುತ್ತವೆ. ಸಿಒಪಿಡಿ (ಎಂಫಿಸೀಮಾವೂ ಸೇರಿದ, ಉಸಿರಿನ ದಾರಿ ಕಟ್ಟುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ನೆಗಡಿಯ ವೈರಸ್ ತಗಲಿದಾಗ ಕಫದಲ್ಲಿ ಎಸ್‌ಎಲ್‌ಪಿಐ ಮತ್ತು ಇಲಾಫಿನ್ ಏರುವ ಬದಲು ಇಳಿದದ್ದು ಕಂಡುಬಂದಿದೆ.

ಇನ್ನು ವರದಿಯ ಮಾತು. ಆಲ್ಫಾ-1 ಆಂಟಿಟ್ರಿಪ್ಸಿನ್ ಜ್ವರ, ಸೋಂಕಿನ ವೇಳೆ ರಕ್ತದಲ್ಲಿ ತಾನಾಗಿ ಏರುವ ಪ್ರೋಟೀನ್. ಎರಡು ಪಟ್ಟಾಗುವುದೂ ಉಂಟು. ನ್ಯುಮೋನಿಯಾದ ನಡುವೆ ಅಳೆದ ಅಂಕಿಯಿಂದ ಏನನ್ನೂ ನಿರ್ಧರಿಸಬಾರದು. ಸೌಮ್ಯ ಕೊರತೆ ಇದ್ದವರಲ್ಲೂ ಆಗ ಅದು ಸಾಮಾನ್ಯವಾಗಿಯೇ ಕಾಣಬಹುದು. ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ, ಉರಿಯೂತ ಇಳಿದಿದೆಯೇ ಎಂದು ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯ ಜೊತೆಗೆ ಮತ್ತೊಮ್ಮೆ ಮಾಡಿಸಿ. ತೀವ್ರ ಕೊರತೆ ತರುವ, ಈ ಪ್ರೋಟೀನಿನ ಜೀನಿನ ಝಡ್ ರೂಪಾಂತರ ಯುರೋಪು ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ವಿರಳ. ನಿಮ್ಮ ತಂದೆಯವರ ಮಟ್ಟಿಗೆ ಬೀಡಿಯೇ ಮುಖ್ಯ ಕಾರಣವೆಂದು ನನ್ನ ಅಂದಾಜು.

ಪ್ರಶ್ನೆ: ಈ ರಕ್ಷಕ ಪ್ರೋಟೀನನ್ನು ಆಹಾರದಿಂದಲೋ ಮದ್ದಿನಿಂದಲೋ ಹೆಚ್ಚಿಸಿಕೊಳ್ಳಬಹುದೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಆಹಾರದಿಂದ ಆಗದು. ದಾನಿಗಳ ಪ್ಲಾಸ್ಮಾದಿಂದ ತೆಗೆದ ಆಲ್ಫಾ-1 ಆಂಟಿಟ್ರಿಪ್ಸಿನ್ನನ್ನು ಅಮೆರಿಕದಲ್ಲಿ 1987ರಿಂದ ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುತ್ತಿದ್ದಾರೆ. ಆದರೆ ಅದು ಹುಟ್ಟಿನಿಂದ ತೀವ್ರ ಕೊರತೆಯಿದ್ದು ಎಂಫಿಸೀಮಾ ಬಂದವರಿಗೆ ಮಾತ್ರ. ಎಸ್‌ಎಲ್‌ಪಿಐಯನ್ನು ಆವಿಯಾಗಿ ಉಸಿರಾಡಿಸಿ ನೋಡಿದ ಪ್ರಯತ್ನಗಳು ಮದ್ದಿನಂಗಡಿಯವರೆಗೆ ಬರಲಿಲ್ಲ. ಕಿಣ್ವದ ಕಡೆಯಿಂದಲೇ ಹಿಡಿಯುವ ದಾರಿ ಈಗ ತೆರೆದಿದೆ: ನ್ಯೂಟ್ರೋಫಿಲ್‌ನೊಳಗೆ ಇಲಾಸ್ಟೇಸ್ ಸಜ್ಜಾಗುವುದನ್ನೇ ತಡೆಯುವ ಬ್ರೆನ್ಸೊಕ್ಯಾಟಿಬ್ ಎಂಬ ಮಾತ್ರೆಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಶ್ವಾಸನಾಳಗಳು ಹಿಗ್ಗಿ ಕಫ ಕಟ್ಟುವ ಬ್ರಾಂಕಿಯೆಕ್ಟಾಸಿಸ್ ಕಾಯಿಲೆಗೆ, ಎಂಫಿಸೀಮಾಕ್ಕಲ್ಲ.

ಪ್ರಶ್ನೆ: ಅಮ್ಮ ಬೀಡಿ ಮುಟ್ಟಿದವರಲ್ಲ. ಬಚ್ಚಲ ಒಲೆಗೆ ದಿನವೂ ಮಡಲು, ಸೋಗೆ ಉರಿಸುತ್ತಾರೆ. ಅವರಿಗೂ ದಮ್ಮು. ಇದಕ್ಕೂ ಅದೇ ಕಾರಣವೇ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಇರಬಹುದು. ಸೌದೆಯ ಹೊಗೆಯಿಂದಲೂ ಸಿಒಪಿಡಿ ಬರುತ್ತದೆ. ಆ ಹೊಗೆಯಲ್ಲೂ ಆಕ್ಸಿಡೆಂಟುಗಳಿವೆ, ಅದೂ ನ್ಯೂಟ್ರೋಫಿಲ್‌ಗಳನ್ನು ಕರೆತರುತ್ತದೆ. ಆದರೆ ದಮ್ಮಿಗೆ ಅಸ್ತಮಾ, ಹೃದಯದ ತೊಂದರೆ, ರಕ್ತಹೀನತೆಯೂ ಕಾರಣವಾಗಬಹುದಾದ್ದರಿಂದ ಮೊದಲು ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ) ಮಾಡಿಸಿ. ಒಲೆಗೆ ಮಾಡಿನಿಂದ ಮೇಲಕ್ಕೆ ಹೋಗುವ ಹೊಗೆಕೊಳವೆ ಹಾಕಿಸಲು ಮಾತ್ರ ಆ ವರದಿಗಾಗಿ ಕಾಯಬೇಕಾಗಿಲ್ಲ.