ಅಮ್ಮನಿಗೆ ಬಾರದ ಜರ್ಮನ್

ನಮಸ್ಕಾರ. ಆರನೇ ತರಗತಿಯ ನಿಮ್ಮ ಮಗಳು ಶಾಲೆಯಲ್ಲಿ ಜರ್ಮನ್ ತೆಗೆದುಕೊಂಡಿದ್ದಾಳೆ. ಪೋಷಕರ ಸಭೆಯಲ್ಲಿ ಟೀಚರ್ "ಮನೆಯಲ್ಲೂ ಸ್ವಲ್ಪ ಅಭ್ಯಾಸ ಮಾಡಿಸಿ" ಅಂದರಂತೆ. "ಗಣಿತವಾದರೆ ಕೂತು ಹೇಳಿಕೊಡುತ್ತೇನೆ. ಒಂದಕ್ಷರವೂ ಬಾರದ ಭಾಷೆಯಲ್ಲಿ ನಾನೇನು ಮಾಡಲಿ? ಟ್ಯೂಷನ್ನೇ ಗತಿಯಾ?" ಎಂದು ಕೇಳಿದ್ದೀರಿ.

ಟ್ಯೂಷನ್ ಮಾತು ಆಮೇಲೆ ನೋಡೋಣ. ನಿಮಗೆ ಜರ್ಮನ್ ಬಾರದಿರುವುದು ಮಗಳಿಗೆ ಅನುಕೂಲವೇ. ಉಳಿದ ಪಾಠಗಳಲ್ಲೆಲ್ಲ ಅವಳಿಗಿಂತ ನಿಮಗೆ ಜಾಸ್ತಿ ಗೊತ್ತು. ಇದೊಂದರಲ್ಲಿ ಅವಳೇ ಮುಂದೆ. ಹಾಗಾಗಿ ಅವಳು ಟೀಚರ್ ಆಗಲಿ, ನೀವು ವಿದ್ಯಾರ್ಥಿಯಾಗಿ.

ಊಟಕ್ಕೆ ಕೂತಾಗ ಚಮಚ ತೋರಿಸಿ, ಇದಕ್ಕೇನಂತಾರೆ ಎಂದು ಕೇಳಿ. 'ಡೆರ್ ಲ್ಯೋಫೆಲ್' ಅನ್ನುತ್ತಾಳೆ. ನೀವೂ ಹೇಳಿ. ಮೊದಲ ಸಲ ಸರಿಯಾಗಿ ಬರುವುದಿಲ್ಲ. ಆ 'ಲ್ಯೋ' ಬರಬೇಕಾದರೆ ನಾಲಿಗೆ 'ಎ' ಅನ್ನುವ ಜಾಗದಲ್ಲೇ ಇರಬೇಕು, ತುಟಿ ಮಾತ್ರ 'ಒ' ಅನ್ನುವಾಗಿನಂತೆ ದುಂಡಗಾಗಬೇಕು. ಅವಳು ನಿಮ್ಮನ್ನು ತಿದ್ದುತ್ತಾಳೆ. ತಿದ್ದುವಾಗ ಅವಳ ಪಾಠವೂ ಗಟ್ಟಿಯಾಗುತ್ತದೆ. ತಪ್ಪು ಹೇಳಿದರೆ ಏನೂ ಆಗಲ್ಲ ಅನ್ನುವುದನ್ನು ಅಮ್ಮನ ಬಾಯಲ್ಲೇ ನೋಡುತ್ತಾಳೆ.

ಆಮೇಲೆ ಫೋರ್ಕ್ ಕೇಳಿ, ಚಾಕು ಕೇಳಿ. ಜರ್ಮನ್‌ನಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ: ಡೆರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಕನ್ನಡದಲ್ಲಿ ಹೀಗಿಲ್ಲ ಅಲ್ವಾ? ನಮ್ಮಲ್ಲಿ ಹುಡುಗ ಬಂದ, ಹುಡುಗಿ ಬಂದಳು, ಚಮಚ ಬಂತು. ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಅಲ್ಲಿ ಬಹಳಷ್ಟು ಪದಗಳ ಲಿಂಗವನ್ನು ಪದದ ಜೊತೆಗೇ ಬಾಯಿಪಾಠ ಮಾಡಬೇಕು. ವಿಭಕ್ತಿಯೂ ಹಾಗೇ. ನಾವು 'ಚಮಚವನ್ನು' ಎಂದು ಪದದ ಕೊನೆಗೆ ಸೇರಿಸುತ್ತೇವೆ. ಅವರು ಸಾಮಾನ್ಯವಾಗಿ ಪದದ ಮುಂದಿನ 'ಡೆರ್' ಅನ್ನೇ 'ಡೆನ್' ಮಾಡುತ್ತಾರೆ. ಎರಡು ಭಾಷೆಯನ್ನು ಹೀಗೆ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ನಿಮ್ಮ ಕನ್ನಡ ಸಾಕು. ಎಷ್ಟೋ ಮನೆಗಳಲ್ಲಿ ಹೊಸ ಭಾಷೆ ಬಂತೆಂದು ಮನೆಮಾತನ್ನು ದೂರ ಇಡುತ್ತಾರೆ. ನನಗೆ ಅದು ತುಂಬಾ ಬೇಸರದ ಸಂಗತಿ.

ದಿನಕ್ಕೆ ಹತ್ತು ನಿಮಿಷ ಸಾಕು. ಭಾನುವಾರ ಒಂದು ಗಂಟೆ ಒಟ್ಟಿಗೆ ಕೂರಿಸಬೇಡಿ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಪದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತವೆ ಎಂದು ಲೆಕ್ಕ ಇಟ್ಟಿದ್ದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು. ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿಕೊಂಡು ಓದಿದರೆ ಹೆಚ್ಚು ನಿಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮನೆಗೆ ಯಾರಾದರೂ ಬಂದಾಗ "ಎಲ್ಲಿ, ಜರ್ಮನ್‌ನಲ್ಲಿ ಏನಾದ್ರೂ ಮಾತಾಡು ನೋಡೋಣ" ಎನ್ನಬೇಡಿ. ಮಗು ತಡವರಿಸುತ್ತದೆ, ಯಾರೋ ನಗುತ್ತಾರೆ. ಅಲ್ಲಿಂದಾಚೆಗೆ ಅದು ಬಾಯಿ ಬಿಡುವುದೇ ಇಲ್ಲ. "ಒಂದು ವರ್ಷವಾದರೂ ಮಾತಾಡಲು ಬರಲ್ಲ" ಎಂಬ ಕೊರಗೂ ಬೇಡ. ಯುರೋಪ್ ಕೌನ್ಸಿಲ್ 2001ರಲ್ಲಿ ಭಾಷಾಕಲಿಕೆಯನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು ಮಾಡಿ ಪ್ರಕಟಿಸಿತು. ಮೊದಲ ಮೆಟ್ಟಿಲಲ್ಲಿ ಕೇಳುವುದು ಇಷ್ಟೇ: ತನ್ನ ಪರಿಚಯ ಹೇಳಿಕೊಳ್ಳಬೇಕು, ಎದುರಿನವರು ನಿಧಾನವಾಗಿ ಮಾತಾಡಿದರೆ ಅರ್ಥ ಮಾಡಿಕೊಂಡು ಸರಳವಾಗಿ ಉತ್ತರಿಸಬೇಕು. ವಾರಕ್ಕೆ ಕೆಲವೇ ಪೀರಿಯಡ್ ಸಿಗುವ ಮಗುವಿಗೆ ಅದೂ ಸಣ್ಣ ಕೆಲಸವಲ್ಲ.

ಭಾರವೆಲ್ಲ ನಿಮ್ಮ ಮೇಲೆ ಹಾಕುವುದೂ ಸರಿಯಲ್ಲ. "ಅಭ್ಯಾಸ ಮಾಡಿಸಿ" ಎಂದ ಶಾಲೆ, ಏನನ್ನು ಎಂದು ಹೇಳಬೇಕಿತ್ತು. ಮುಂದಿನ ಸಭೆಯಲ್ಲಿ ಸಂಕೋಚ ಬಿಟ್ಟು ಕೇಳಿ: ಈ ತಿಂಗಳು ಕಲಿಸುವ ಪದಗಳ ಪಟ್ಟಿ ಕೊಡ್ತೀರಾ? ಅವನ್ನು ನಿಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ಕಳಿಸ್ತೀರಾ? ವರ್ಷಕ್ಕೊಮ್ಮೆ ಪೋಷಕರನ್ನೂ ತರಗತಿಯಲ್ಲಿ ಕೂರಿಸಿಕೊಂಡು ಒಂದು ಪಾಠ ಮಾಡಲು ಆಗುತ್ತಾ? ಮೂರನೆಯದು ನನಗೆ ಬಹಳ ಇಷ್ಟ. ಮಕ್ಕಳ ಬೆಂಚಿನ ಮೇಲೆ ಕೂತು ಅರ್ಧ ಗಂಟೆ ಹೊಸ ಭಾಷೆ ಕೇಳಿದರೆ ಅವರ ಕಷ್ಟ ಏನೆಂದು ತಾನಾಗೇ ಗೊತ್ತಾಗುತ್ತದೆ.

ಇನ್ನು ಟ್ಯೂಷನ್. ಎರಡು ಮೂರು ತಿಂಗಳು ಹೀಗೆ ನಡೆಸಿ ನೋಡಿ. ಆಗಲೂ ಪುಸ್ತಕ ತೆರೆದ ಕೂಡಲೇ ಅಳುತ್ತಾಳೆ ಅಂದರೆ ಮೊದಲು ಶಾಲೆಯ ಟೀಚರ್ ಜೊತೆ ಮಾತಾಡಿ. ಎಲ್ಲಿ ಎಡವುತ್ತಿದ್ದಾಳೆಂದು ಅವರಿಗೆ ಗೊತ್ತಿರುತ್ತದೆ. ಅವರೇ ಬೇಕು ಅಂದರೆ ಆಗ ಟ್ಯೂಷನ್‌ಗೆ ಸೇರಿಸಿ. ಚಮಚದ ಪಾಠ ಮಾತ್ರ ಆಗಲೂ ನಿಲ್ಲಿಸಬೇಡಿ.