ಪ್ರತಿಕ್ರಿಯೆ: ಪರದೆಯಲ್ಲಿ ಸರಿಯಿರುವ ಪಿಡಿಎಫ್ ಪ್ರಿಂಟ್‌ಗೆ ಕೊಟ್ಟರೆ ಏಕೆ ವಾಪಸ್ ಬರುತ್ತಿದೆ?

ನಿಮ್ಮ ಬಾಹ್ಯಾಕಾಶ ಆಟದ ಪುಸ್ತಕ ವಾಪಸ್ ಬರುತ್ತಿರುವುದಕ್ಕೆ ಬಹುತೇಕ ಅದರ ಕಪ್ಪು ಆಕಾಶದ ಪುಟಗಳೇ ಕಾರಣ. ನೀವು ಫೈಲ್ ಕಳಿಸಿರುವ, ಇಂಥ ಆಟದ ಪುಸ್ತಕ ಮಾರುವ ಜಾಲತಾಣ ಡ್ರೈವ್‌ಥ್ರೂಆರ್‌ಪಿಜಿಯ ಪ್ರಿಂಟ್-ಆನ್-ಡಿಮಾಂಡ್‌ನಲ್ಲಿ (ಆರ್ಡರ್ ಬಂದಂತೆ ಅಚ್ಚು ಹಾಕುವುದು) ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕು ಶಾಯಿಗಳ ಒಟ್ಟು ಮೊತ್ತ 240% ದಾಟುವಂತಿಲ್ಲ. ಪರದೆಯ ಆರ್‌ಜಿಬಿ ಕಪ್ಪನ್ನು ಮಾಮೂಲಿ ಪ್ರೊಫೈಲಿನಲ್ಲಿ (ಬಣ್ಣ ಬದಲಿಸುವ ಲೆಕ್ಕದ ಫೈಲ್) ಸಿಎಂವೈಕೆಗೆ, ಅಂದರೆ ಆ ನಾಲ್ಕು ಶಾಯಿಗಳಿಗೆ ತಿರುಗಿಸಿದರೆ ಅದು 300ರ ಆಸುಪಾಸಿಗೆ ಹೋಗಿಬಿಡುತ್ತದೆ.

ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ತಂತ್ರಾಂಶ ಬಳಸುತ್ತಿದ್ದೇನೆ ಅಂದಿದ್ದೀರಿ. ಮೊದಲು ಅದರ ಪ್ರಿಂಟ್ ಪ್ರಿವ್ಯೂನಲ್ಲಿ ಶಾಯಿ ಪ್ರಮಾಣ ತೋರಿಸುವ ಆಯ್ಕೆ ಹಾಕಿ, ಮಿತಿ 240 ಕೊಡಿ. ಮೀರಿದ ಜಾಗ ಎದ್ದು ಕಾಣುತ್ತದೆ. ಆ ಚಿತ್ರಗಳನ್ನಷ್ಟೇ 240 ಮಿತಿಯ ಪ್ರೊಫೈಲಿನಿಂದ ಮತ್ತೆ ಸಿಎಂವೈಕೆ ಮಾಡಿ. ನೀವೇ ಎಳೆದ ಕಪ್ಪು ಹಿನ್ನೆಲೆಗೆ 60-40-40-100 ಹಾಕಿ, ಮೊತ್ತ ಸರಿಯಾಗಿ 240 ಆಗುತ್ತದೆ. ಅಕ್ಷರಗಳಿಗೆ ಮಾತ್ರ 0-0-0-100 ಇರಲಿ. ನಾಲ್ಕು ಬಣ್ಣದಲ್ಲಿ ಅಚ್ಚಾದ ಸಣ್ಣ ಅಕ್ಷರ ಒಂದು ಕೂದಲೆಳೆ ಸರಿದರೂ ಮಸುಕು.

ಹಡಗಿನ ಹಾನಿ ಕೋಷ್ಟಕ, ಆಯುಧಗಳ ಪಟ್ಟಿ ಇಂಥವನ್ನು ದಯವಿಟ್ಟು ಬಿಳಿ ಹಾಳೆಯ ಮೇಲೇ ಇಡಿ. ಆಟದ ನಡುವೆ ಜನ ಅವನ್ನೇ ಹತ್ತು ಸಲ ತೆರೆದು ನೋಡುವುದು, ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು. ಕಪ್ಪು ಆಕಾಶ ಅಧ್ಯಾಯದ ಮೊದಲ ಪುಟಕ್ಕೆ ಸಾಕು.

ನೀಹಾರಿಕೆಯ ಪಾರದರ್ಶಕ ಪದರಗಳನ್ನು ಒಂದೇ ಚಿತ್ರವಾಗಿ ಬೆಸೆದು, ಅಚ್ಚಿಗೆಂದೇ ಇರುವ ಪಿಡಿಎಫ್/ಎಕ್ಸ್-1ಎ ಮಾದರಿಯಲ್ಲಿ ರಫ್ತು ಮಾಡಿ.

ಫೈಲ್ ನೋಡದೆ ಹೇಳುತ್ತಿರುವುದರಿಂದ ಇದೊಂದೇ ಕಾರಣ ಎನ್ನಲಾರೆ. ಮತ್ತೆ ವಾಪಸ್ ಬಂದರೆ ಪುಟದಂಚಿನ 0.125 ಇಂಚು ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಚಿತ್ರದ ಅಂಚು) ಇದೆಯೇ, ಆಮೇಲೆ ಫಾಂಟ್ ಎಂಬೆಡ್ ಆಗಿದೆಯೇ, ಅಂದರೆ ಪಿಡಿಎಫ್ ಒಳಗೇ ಸೇರಿದೆಯೇ ಎಂದು ನೋಡಿ. ಒಪ್ಪಿಗೆಯಾದ ಕೂಡಲೇ ಪರಿಶೀಲನೆಗೆ ಒಂದು ಪ್ರೂಫ್ ಪ್ರತಿ ತರಿಸಿಕೊಳ್ಳಿ, ಮಾರಾಟ ಆಮೇಲೆ.