ಹಳೇ ಹುಬ್ಬಳ್ಳಿಯ ನಮ್ಮ ಮನೆ ಮಾರಾಟವಾಗುತ್ತಿಲ್ಲ. ಕಾಯಬೇಕಾ, ರೇಟ್ ಇಳಿಸಬೇಕಾ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಹಳೇ ಹುಬ್ಬಳ್ಳಿಯಲ್ಲಿ ತಂದೆಯವರು ಕಟ್ಟಿಸಿದ ಮೂವತ್ತು ವರ್ಷದ ಮನೆ. ಕಾರು ಓಣಿಯ ತುದಿಯವರೆಗೆ ಮಾತ್ರ ಬರುತ್ತದೆ. ಹಿಂದಿನ ಕೋಣೆಯ ಗೋಡೆ ಬಿರುಕು ಬಿಟ್ಟಿದೆ. ತಂದೆ ಈಗಿಲ್ಲ. ನೀವು, ನಿಮ್ಮ ತಮ್ಮ, ಪುಣೆಯಲ್ಲಿರುವ ಅಕ್ಕ, ಮೂವರೂ ವಾರಸುದಾರರು. 70 ಲಕ್ಷ ಹೇಳುತ್ತಿದ್ದೀರಿ. ಹೋದ ದೀಪಾವಳಿಯಿಂದ ಜನ ಬಂದು ನೋಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ, ಮತ್ತೆ ಫೋನ್ ಮಾಡುವುದಿಲ್ಲ. ಏಜೆಂಟರು ಮಾತ್ರ 'ಮಾರ್ಕೆಟ್ ಡಲ್ ಇದೆ, ತಡೀರಿ' ಅನ್ನುತ್ತಾರೆ.

ಕಾಯುವುದು, ಇಳಿಸುವುದು ಎರಡೂ ಆಮೇಲೆ. ಮೊದಲು ನಿಮ್ಮ ಮನೆಯ ಮೇಲೆ ಬ್ಯಾಂಕ್ ಸಾಲ ಕೊಡುತ್ತದಾ ನೋಡಿ. ನಾನು ಬಹಳ ವರ್ಷ ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿದವಳು. ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ತವರುಮನೆಯನ್ನೂ ಅಣ್ಣತಮ್ಮಂದಿರ ಜೊತೆ ನಿಂತು ಮಾರಿದ್ದೇನೆ. ಮಾರ್ಕೆಟ್ ಮಂದವಾದಾಗ ಮೊದಲು ಕಾಣೆಯಾಗುವವರು ರೊಕ್ಕ ಹೂಡಲು ಬರುವ ಜನ. ಉಳಿಯುವವರು ಸ್ವತಃ ವಾಸಕ್ಕೆ ಮನೆ ಬೇಕಾದವರು: ಮಾಸ್ತರರು, ರೈಲ್ವೆ ನೌಕರರು, ಸಣ್ಣ ಅಂಗಡಿ ನಡೆಸುವವರು. ಇವರಲ್ಲಿ ಸಾಲವಿಲ್ಲದೆ ಕೊಳ್ಳುವವರು ಬಹಳ ಕಡಿಮೆ. ಬ್ಯಾಂಕಿನ ವಕೀಲರು ಒಂದು ಕಾಗದ ಸರಿಯಿಲ್ಲ ಅಂದರೆ ಸಾಕು, ಅವರು ಸುಮ್ನೆ ಬೇರೆ ಮನೆ ನೋಡಲು ಹೋಗುತ್ತಾರೆ. ಕಾರಣವನ್ನು ನಿಮಗೆ ಹೇಳುವುದೂ ಇಲ್ಲ.

ನಮ್ಮ ಕಡೆ ಎಡವಟ್ಟಾಗುವುದು ಹೆಚ್ಚಾಗಿ ಎರಡು ದಾಖಲೆಗಳ ನಡುವೆ. ಹಳೇ ಮುಂಬೈ ಪ್ರಾಂತ್ಯದ ಕಾಲದಿಂದ ಇಲ್ಲಿ ಸಿಟಿ ಸರ್ವೆ, ಅಂದರೆ ಊರಿನ ಜಾಗಗಳ ಸರ್ಕಾರಿ ಅಳತೆ ದಾಖಲೆ ಇದೆ. ಅಲ್ಲಿ ನಿಮ್ಮ ಮನೆಗೆ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಇರುತ್ತದೆ, ಪ್ರಾಪರ್ಟಿ ಕಾರ್ಡ್ ಇರುತ್ತದೆ. ಮಹಾನಗರ ಪಾಲಿಕೆಯಲ್ಲಿ ಇರುವುದು ಬೇರೆ ಖಾತೆ, ಆಸ್ತಿ ತೆರಿಗೆಯ ದಾಖಲೆ. ಎರಡರಲ್ಲೂ ಹೆಸರು, ಅಳತೆ ಒಂದೇ ಇರಬೇಕು. ಬಹಳ ಮನೆಗಳಲ್ಲಿ ಇರುವುದಿಲ್ಲ. ಪಾಲಿಕೆಯಲ್ಲಿ ತಂದೆಯ ಹೆಸರು, ಪ್ರಾಪರ್ಟಿ ಕಾರ್ಡಿನಲ್ಲಿ ಇನ್ನೂ ಅಜ್ಜನ ಹೆಸರು. ಅಥವಾ ಯಾವಾಗಲೋ ತೀರಿಸಿದ ಸೊಸೈಟಿ ಸಾಲದ ಬೋಜಾ (ಸಾಲದ ನಮೂದು) ಉತಾರದಲ್ಲಿ, ಅಂದರೆ ಆಸ್ತಿ ದಾಖಲೆಯ ನಕಲಿನಲ್ಲಿ, ಹಾಗೇ ಕೂತಿರುತ್ತದೆ. ಮನೆಯವರಿಗೆ ಇದು ಕಾಣುವುದಿಲ್ಲ, ಯಾಕೆಂದರೆ ತೆರಿಗೆ ಕಟ್ಟುತ್ತಾ ಬಂದಿರುತ್ತಾರೆ, ಎಲ್ಲ ಸರಿ ಇದೆ ಅಂದುಕೊಂಡಿರುತ್ತಾರೆ. ಬ್ಯಾಂಕಿನ ವಕೀಲರ ಕಣ್ಣಿಗೆ ಮೊದಲು ಬೀಳುವುದೇ ಇದು.

ಹಾಗಾಗಿ ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಹಿಡಿದು ಎರಡೂ ಕಡೆ ಮೂವರ ಹೆಸರನ್ನೂ ವಾರಸುದಾರರೆಂದು ನೋಂದಾಯಿಸಿ. ಆಮೇಲೆ ಪಾಲಿಕೆಯ ಇ-ಖಾತಾ, ಅಂದರೆ ಆನ್‌ಲೈನ್ ಖಾತೆ ತೆಗೆಸಿ. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆಸ್ತಿಯ ಮೇಲೆ ಸಾಲ, ವ್ಯವಹಾರ ಏನಿದೆ ಅಂತ ತೋರಿಸುವ ಋಣಭಾರ ಪ್ರಮಾಣಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಪಡೆಯಬಹುದು. ತಂದೆಯ ಖರೀದಿ ಪತ್ರ, ಕಟ್ಟಡದ ಪರವಾನಗಿ, ನಕ್ಷೆ ಹುಡುಕಿ ಇಡಿ. ಅಕ್ಕನ ಸಹಿ ಬೇಕೇ ಬೇಕು. ಆಕೆಗೆ ಬರಲು ಆಗದಿದ್ದರೆ ಪುಣೆಯ ಸಬ್ ರಿಜಿಸ್ಟ್ರಾರ್ ಮುಂದೆಯೇ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಬಹುದು. 'ಅಕ್ಕ ಏನೂ ಕೇಳಲ್ಲ, ಆಮೇಲೆ ನೋಡೋಣ' ಅಂತ ಬಿಡಬೇಡಿ. ಕೊಳ್ಳುವವರಿಗೆ ಎಲ್ಲಕ್ಕಿಂತ ದೊಡ್ಡ ಭಯ ಅದೇ, ಮತ್ತು ಆ ಭಯ ನ್ಯಾಯವಾದದ್ದು. ಹೆಣ್ಣುಮಕ್ಕಳಿಗೆ ಸಮಪಾಲು ಕಾನೂನಿನಲ್ಲಿದೆ. ಬೆಲೆ ಏನು, ಕನಿಷ್ಠ ಎಷ್ಟಕ್ಕೆ ಒಪ್ಪುವುದು, ಇದನ್ನು ಮೂವರೂ ಈಗಲೇ ಕೂತು ಮಾತಾಡಿ ಬರೆದಿಡಿ. ಗಿರಾಕಿ ಎದುರು ಕೂತಾಗ ಮನೆಯವರಲ್ಲೇ ಒಮ್ಮತ ಇಲ್ಲದೆ ಮುರಿದ ವ್ಯವಹಾರಗಳನ್ನು ನಾನು ಬಹಳ ನೋಡಿದ್ದೇನೆ.

ಕಾಗದ ಆದಮೇಲೆ ಬ್ಯಾಂಕುಗಳ ಪಟ್ಟಿಯಲ್ಲಿರುವ ಒಬ್ಬ ವ್ಯಾಲ್ಯೂಯರ್‌ಗೆ (ಆಸ್ತಿಗೆ ಬೆಲೆ ಕಟ್ಟುವವರು) ಫೀ ಕೊಟ್ಟು ಬೆಲೆ ಕಟ್ಟಿಸಿ. ಹಳೇ ಮನೆಗೆ ಅವರು ಜಾಗದ ಬೆಲೆ ಹಿಡಿಯುತ್ತಾರೆ, ಕಟ್ಟಡಕ್ಕೆ ವಯಸ್ಸಿನ ಸವಕಳಿ ಕಳೆಯುತ್ತಾರೆ. ಅವರು 60 ಲಕ್ಷ ಅಂದರು ಅಂತ ಇಟ್ಟುಕೊಳ್ಳಿ. ಸಾಲ 30 ಲಕ್ಷಕ್ಕಿಂತ ಜಾಸ್ತಿ, 75 ಲಕ್ಷದ ಒಳಗೆ ಇದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಮನೆಯ ಬೆಲೆಯ ನೂರಕ್ಕೆ 80ರಷ್ಟು ಮಾತ್ರ ಕೊಡಬಹುದು. ಅಂದರೆ 48 ಲಕ್ಷ. ನೀವು 70 ಕೇಳಿದರೆ ಉಳಿದ 22 ಲಕ್ಷ ಕೊಳ್ಳುವವರ ಕೈಯಿಂದ ಬರಬೇಕು. ಅದರ ಮೇಲೆ ಮುದ್ರಾಂಕ ಶುಲ್ಕ ನೂರಕ್ಕೆ 5, ಅದಕ್ಕೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ 5.6. ನೋಂದಣಿ ಶುಲ್ಕ 2 ಕೂಡಿದರೆ ಒಟ್ಟು ನೂರಕ್ಕೆ 7.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ 1ರಿಂದ 2ಕ್ಕೆ ಏರಿದೆ, ಇದನ್ನು ಮಾರುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. 70 ಲಕ್ಷಕ್ಕೆ ಅದು 5.32 ಲಕ್ಷ. ಒಟ್ಟು 27 ಲಕ್ಷ ದಾಟಿತು. ಸಂಬಳದಲ್ಲಿ ಬದುಕುವ ಒಂದು ಕುಟುಂಬ ಅಷ್ಟು ರೊಕ್ಕ ಎಲ್ಲಿಂದ ತರಬೇಕು?

ಅದೇ ಮನೆಗೆ 62 ಹೇಳಿ. ಸಾಲ ಅಷ್ಟೇ, 48 ಲಕ್ಷ. ಕೈಯಿಂದ 14 ಲಕ್ಷ, ನೋಂದಣಿಗೆ ಸುಮಾರು 4.7 ಲಕ್ಷ, ಒಟ್ಟು 19ರ ಒಳಗೆ. ನಿಮಗೆ 8 ಲಕ್ಷ ಕಡಿಮೆಯಾಯಿತು, ನಿಜ. ಆದರೆ ಕೊಳ್ಳುವವರ ಕೈಯಿಂದ ಹೋಗುವ ಮೊತ್ತದಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಇಳಿಯಿತು. ನಿಮ್ಮ ಮನೆ ಕೊಳ್ಳಬಲ್ಲ ಜನರ ಸಂಖ್ಯೆ ಅಲ್ಲಿಗೆ ಬದಲಾಗುತ್ತದೆ. ತಿಂಗಳಿಗೆ ಒಂದೊಂದು ಲಕ್ಷ ಇಳಿಸುವುದು ಮಾತ್ರ ಬೇಡ, ಜನ ಇನ್ನೂ ಇಳಿಯುತ್ತದೆ ಅಂತ ಕಾಯುತ್ತಾರೆ. ಒಂದೇ ಸಲ, ವ್ಯಾಲ್ಯೂಯರ್ ಅಂಕಿಯ ಹತ್ತಿರಕ್ಕೆ ಬನ್ನಿ. ಸರ್ಕಾರಿ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಎಷ್ಟಿದೆ ನೋಡಿಕೊಳ್ಳಿ. ಅದಕ್ಕಿಂತ ನೂರಕ್ಕೆ 10ಕ್ಕೂ ಜಾಸ್ತಿ ಕೆಳಗೆ ಮಾರಿದರೆ ಆದಾಯ ತೆರಿಗೆಯಲ್ಲಿ ಮಾರುವವರಿಗೂ ಕೊಳ್ಳುವವರಿಗೂ ತೊಂದರೆ. ಇನ್ನು ಕಾಯುವುದಕ್ಕೂ ಖರ್ಚಿದೆ ಅಲ್ವಾ? 60 ಲಕ್ಷಕ್ಕೆ ನೂರಕ್ಕೆ 7ರ ಬಡ್ಡಿ ಹಿಡಿದರೂ ವರ್ಷಕ್ಕೆ 4.2 ಲಕ್ಷ.

ಬಿರುಕಿನ ವಿಷಯ. ದಯವಿಟ್ಟು ಪುಟ್ಟಿ ಹಚ್ಚಿ ಮುಚ್ಚಬೇಡಿ. ಹುಬ್ಬಳ್ಳಿ ಸುತ್ತ ಬಹಳ ಕಡೆ ಎರೆ ನೆಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಜೊತೆಗೆ ಗೋಡೆಯೂ ಅಲುಗುತ್ತದೆ. ಇಲ್ಲಿಯವರಿಗೆ ಇದು ಗೊತ್ತು, ಹೊಸ ಬಣ್ಣ ಕಂಡ ಕೂಡಲೇ ಅನುಮಾನ ಪಡುತ್ತಾರೆ. ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ, ಬಿರುಕು ಬೆಳೆಯುತ್ತಿದೆಯಾ ನಿಂತಿದೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಮಾಳಿಗೆ ನೀರು ತಳಪಾಯದ ಪಕ್ಕವೇ ಬೀಳುತ್ತಿದ್ದರೆ ಪೈಪ್ ಹಾಕಿ ದೂರ ಬಿಡಿಸಿ, ಮನೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿಸಿ. ಎಂಜಿನಿಯರ್ ವರದಿಯನ್ನು ಗಿರಾಕಿಗೆ ನೀವಾಗಿಯೇ ತೋರಿಸಿ. ದೋಷವನ್ನು ಮೊದಲೇ ಹೇಳಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ.

ಓಣಿ ಅಗಲ ಮಾಡಲು ನಿಮ್ಮಿಂದ ಆಗದು. ಅದಕ್ಕೇ ಕೇಳುತ್ತೇನೆ, ಮಗ್ಗಲು ಮನೆಯವರನ್ನು ವಿಚಾರಿಸಿದ್ದೀರಾ? ಅವರಿಗೆ ಓಣಿ ಹೊಸದಲ್ಲ. ಎರಡು ಮನೆಗೂ ಸೇರಿದ ಸಾಮಾಯಿಕ ಗೋಡೆಯಿದ್ದರೆ ಅದೂ ತಕರಾರಲ್ಲ. ಮಗನಿಗೆ ಬೇರೆ ಮನೆ ಬೇಕಾಗಿರಬಹುದು, ಎರಡು ಜಾಗ ಸೇರಿಸಿ ಕಟ್ಟುವ ಆಸೆ ಇರಬಹುದು. ಹಳೇ ಓಣಿಗಳಲ್ಲಿ ಅಲ್ಲೇ ಹುಟ್ಟಿ ಬೆಳೆದವರೇ ಒಳ್ಳೆಯ ಗಿರಾಕಿಗಳು. ಏಜೆಂಟರು ವಿದ್ಯಾನಗರ, ಗೋಕುಲ ರಸ್ತೆ ಕಡೆ ಮನೆ ಹುಡುಕುವವರನ್ನು ಕರೆತಂದರೆ ಅವರು ಓಣಿಯ ತುದಿಯಲ್ಲೇ ಮನಸ್ಸು ಬದಲಿಸುತ್ತಾರೆ. ಗುಡಿ, ಮಠ, ಸ್ತ್ರೀಶಕ್ತಿ ಸಂಘ, ಎಲ್ಲ ಕಡೆ ಬಾಯಿಮಾತು ಹರಡಿ. ಏಜೆಂಟ್ ಒಬ್ಬರೇ ಸಾಕು. ಒಂದೇ ಮನೆಗೆ ಮೂರು ಬಾಯಲ್ಲಿ ಮೂರು ರೇಟ್ ಕೇಳಿದವರು ಏನೋ ತೊಡಕಿದೆ ಅಂದುಕೊಳ್ಳುತ್ತಾರೆ.

ಆಷಾಢ, ಪಿತೃಪಕ್ಷದಲ್ಲಿ ಯಾರೂ ಮನೆ ಮಾತಾಡುವುದಿಲ್ಲ, ಕಾಗದದ ಓಡಾಟಕ್ಕೆ ಆ ದಿನಗಳನ್ನು ಬಳಸಿ. ಮನೆ ಖಾಲಿಯಿದ್ದರೆ ವಾರಕ್ಕೊಮ್ಮೆ ಕಿಟಕಿ ತೆಗೆದು ಗಾಳಿಯಾಡಿಸಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪ್ ಎಷ್ಟು ದೊಡ್ಡದು ಅನ್ನುವುದಕ್ಕೆ ಉತ್ತರ ಸಿದ್ಧವಿರಲಿ. ನಮ್ಮ ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಅದು.

ಗಿರಾಕಿ ಸಿಕ್ಕಾಗ ಇಸಾರವನ್ನು (ಮುಂಗಡ ಹಣ) ಬ್ಯಾಂಕ್ ಮೂಲಕವೇ ತೆಗೆದುಕೊಳ್ಳಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ನೂರಕ್ಕೆ 1ರಷ್ಟು ತೆರಿಗೆ ಹಿಡಿದು ಕಟ್ಟಬೇಕು, ಆದ್ದರಿಂದ ಮೂವರ ಪಾನ್ ನಂಬರ್ ಬೇರೆ ಬೇರೆ ಬರೆಸಿ. ಲಾಭದ ಮೇಲಿನ ತೆರಿಗೆಯೂ ಅವರವರ ಪಾಲಿಗೆ ಪ್ರತ್ಯೇಕ, ಇಸಾರ ಪಡೆಯುವ ಮೊದಲೇ ಸಿಎ ಹತ್ತಿರ ಕೂತು ಲೆಕ್ಕ ಹಾಕಿಸಿ. ಕರಾರಿನಲ್ಲಿ ಮೂರು ತಿಂಗಳ ಗಡುವು ಇರಲಿ. ಸಾಲ ಮಂಜೂರಾಗದಿದ್ದರೆ ಇಸಾರ ಎಷ್ಟು ವಾಪಸ್, ಎಷ್ಟು ದಿನದಲ್ಲಿ, ಅದನ್ನೂ ಬರೆಸಿ. ಈ ಒಂದು ಮಾತು ಬರೆಸದೆ ಹೋದರೆ ವ್ಯವಹಾರವೇ ನಿಂತುಹೋಗುವುದುಂಟು.